ಗಾಳಿಗೆ ಹರವಿದ ನೀಲಿ

ಜನವರಿ 9

ಪ್ರೀತಿಯ ಇವರೇ,

ನೋಡಿ, ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ನಿಮ್ಮನ್ನು ಏನಂತ ಕರೆಯಲಿ? ಹೆಸರು ಬರೆಯೋಣವೆಂದರೆ ಅತ್ತೆ ಬೆನ್ನ ಹಿಂದೆಯೇ ಕೂತು ಹೊಲಿಯುತ್ತಿದ್ದಾರೆ, ಅವರಿಗೆ ಓದಲು ಬಾರದಿದ್ದರೂ ನನಗೆ ನಾಚಿಕೆ. ‘ಡಿಯರ್’ ಅಂದರೆ ಬ್ಯಾಂಕಿನಿಂದ ಬಂದ ಕಾಗದದಂತಿರುತ್ತದೆ. ‘ಪ್ರಾಣನಾಥ’ ಅಂತ ಬರೆಯಹೋದರೆ ನನಗೇ ನಗು ಬಂದು ಶಾಯಿ ಚೆಲ್ಲುತ್ತದೆ. ಹಾಗಾಗಿ ಇವರೇ. ನನ್ನ ಇವರೇ! ಬರೆದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತಿದೆ.

ನೀವು ಹೋಗಿ ಇವತ್ತಿಗೆ ಹನ್ನೆರಡು ದಿನ. ಮದುವೆಯಾಗಿ ನಾವು ಜೊತೆಗಿದ್ದದ್ದು ಹನ್ನೊಂದು. ನಿನ್ನೆಯವರೆಗೆ ಸರಿಸಮ ಇತ್ತು, ಇವತ್ತು ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ನೀವು ಇಲ್ಲದ ದಿನಗಳು ಗೆದ್ದುಬಿಟ್ಟವು. ಇರಲಿ, ಅಳುಮುಂಜಿ ಕಾಗದ ಬರೆಯುವುದಿಲ್ಲ ಅಂತ ನನಗೆ ನಾನೇ ಆಣೆ ಹಾಕಿಕೊಂಡಿದ್ದೇನೆ.

ನನ್ನ ಕನ್ನಡದ ಬಗ್ಗೆ ಒಂದು ಮಾತು. ಶಾಲೆಯಲ್ಲಿ ನಮ್ಮನ್ನು ಇಂಗ್ಲಿಷಿನಲ್ಲೇ ಉಸಿರಾಡಿಸಿದರು. ಒತ್ತಕ್ಷರ ತಪ್ಪಿದರೆ ನಗಬೇಡಿ. ಅಥವಾ ನಗಿ, ಆದರೆ ನಕ್ಕದ್ದನ್ನು ಬರೆದು ತಿಳಿಸಿ.

ಅತ್ತೆಗೂ ನನಗೂ ಚೆನ್ನಾಗಿ ಹೊಂದಿಕೆಯಾಗುತ್ತಿದೆ. ನಾನು ಮಾತಾಡುತ್ತೇನೆ, ಅವರ ಹೊಲಿಗೆ ಯಂತ್ರ ಉತ್ತರ ಕೊಡುತ್ತದೆ. ಮೊನ್ನೆ ಅವರಾಗಿಯೇ ಬಾಯಿ ಬಿಟ್ಟರು:

“ಗಿಣಿ, ನಿನ್ನ ಇಂಗ್ಲಿಷು ಕಾಜಾ ಹಾಕುತ್ತಾ?”

“ಇಲ್ಲ ಅತ್ತೆ.”

“ಹಾಗಾದ್ರೆ ಬಾಯಿಗೆ ರಜಾ ಕೊಡು, ಸೂಜಿ ತಗೋ.”

ಈಗ ದಿನಕ್ಕೆ ನಲವತ್ತು ಗುಂಡಿತೂತಿಗೆ ದಾರ ಸುತ್ತುತ್ತೇನೆ. ನೀವು ಇಟ್ಟ ಗಿಣಿ ಅನ್ನುವ ಹೆಸರು ಬೀದಿಯವರೆಗೂ ಹಬ್ಬಿದೆ. ಹಾಲಿನವನೂ ಹಾಗೇ ಕರೆಯುತ್ತಾನೆ!

ಹೋದ ವರ್ಷ ನೀವು ಮೊದಲ ಸಲ ನಮ್ಮ ಮನೆಗೆ ಬಂದದ್ದು ನೆನಪಿದೆಯಾ? ಎಲ್ಲರೂ ನನ್ನ ಮುಖ ನೋಡುತ್ತಿದ್ದರೆ ನೀವೊಬ್ಬರು ಕಿಟಕಿ ನೋಡುತ್ತಿದ್ದಿರಿ. ಅಪ್ಪ ಕೇಳಿದ್ದಕ್ಕೆ, “ಈ ಪರದೆ ಎರಡೂ ಒಂದೇ ನೀಲಿ ಅಲ್ಲ. ಎಡಗಡೆದು ಬೇರೆ ಲಾಟು, ಬೇರೆ ಸಲ ಬಣ್ಣ ಹಾಕಿದ್ದು” ಅಂದಿರಿ. ಎಂಟು ವರ್ಷದಿಂದ ನೇತಾಡುತ್ತಿದ್ದ ಪರದೆ! ಅಮ್ಮನ ಮುಖ ಸಣ್ಣಗಾಯಿತು. ನಾನು ಮಾತ್ರ ಆ ಕ್ಷಣವೇ ನಿರ್ಧರಿಸಿದೆ, ಜೀವನವೆಲ್ಲ ಈ ಕಣ್ಣುಗಳ ಎದುರಿಗೇ ಕೂತಿರಬೇಕು ಅಂತ.

ಆ ಹನ್ನೊಂದು ದಿನದಲ್ಲಿ ನೀವು ಹೇಳಿದ್ದೆಲ್ಲ ನೆನಪಿದೆ. ನಿಮ್ಮ ಮಿಲ್ಲಿನಲ್ಲಿ ಬಣ್ಣದ ತೊಟ್ಟಿಯಿಂದ ಮೇಲೆ ಬರುವಾಗ ಬಟ್ಟೆ ಹಸಿರಾಗಿರುತ್ತದಂತೆ, ಗಾಳಿ ತಗುಲಿದ ಮೇಲೆ ನಿಧಾನವಾಗಿ ನೀಲಿಯಾಗುತ್ತದಂತೆ. ನಾನೂ ಈ ಮನೆಯಲ್ಲಿ ಈಗಷ್ಟೇ ತೊಟ್ಟಿಯಿಂದ ಎದ್ದಿದ್ದೇನೆ, ಇನ್ನೂ ಗಾಳಿ ತಗುಲಬೇಕು.

ಮಿಲ್ಲಿನ ಗೇಟಿನಲ್ಲಿರುವ ಫೋನು ಸಾವಿನ ಸುದ್ದಿಗೆ ಮಾತ್ರ ಅಂದಿದ್ದಿರಿ. ಹಾಗಾಗಿ ಕಾಗದ. ಉದ್ದ ಬರೆಯಿರಿ!

ನಿಮ್ಮ, ನಿಮ್ಮದೇ,
ಗಿಣಿ

*

ಜನವರಿ 18

ಗಿಣಿಗೆ,

ಕಾಗದ ತಲುಪಿತು. ಎರಡು ಸಲ ಓದಿದೆ. ಒತ್ತಕ್ಷರ ನಾಲ್ಕು ಕಡೆ ತಪ್ಪಿದೆ. ನಕ್ಕೆ.

ಇಲ್ಲಿ ಕೆಲಸ ಎಂದಿನಂತೆ. ಗಿರಾಕಿ ಕಳಿಸಿದ ತುಂಡು ನೋಡಿ ಅದೇ ಬಣ್ಣ ಕಲಸುವುದು, ಹೊಂದಿದರೆ ಸಹಿ ಹಾಕುವುದು. ನನ್ನ ಮೇಜು ಉತ್ತರದ ಕಿಟಕಿಯ ಕೆಳಗಿದೆ. ಉತ್ತರದ ಬೆಳಕು ದಿನವಿಡೀ ಹೆಚ್ಚು ಬದಲಾಗುವುದಿಲ್ಲ. ನಮ್ಮ ದೊಡ್ಡ ಮೇಸ್ತ್ರಿ ಏಪ್ರಿಲ್‌ನಲ್ಲಿ ನಿವೃತ್ತರಾಗುತ್ತಾರೆ. ಆ ಜಾಗ ನನಗೆ ಬಂದರೆ ಎರಡು ಕೋಣೆಯ ಮನೆ ಕೊಡುತ್ತಾರೆ. ಈಗ ಒಂದು ಕೋಣೆಯಲ್ಲಿ ನಾಲ್ವರಿದ್ದೇವೆ. ನಿನ್ನನ್ನು ಎಲ್ಲಿ ಇರಿಸಲಿ? ಅಲ್ಲಿಯವರೆಗೆ ಸಹಿಸು.

ಒಂದು ಕೆಲಸ ಮಾಡು. ನೀಲಿಗೆ ಇಂಗ್ಲಿಷಿನಲ್ಲಿ ‘ಬ್ಲೂ’ ಎನ್ನುತ್ತಾರೆ, ಅಷ್ಟು ಗೊತ್ತು. ಆ ಮಾತನ್ನು ಬೇರೆ ಎಲ್ಲೆಲ್ಲಿ ಹೇಗೆ ಬಳಸುತ್ತಾರೆ, ಗೊತ್ತಿದ್ದಷ್ಟು ಬರೆ. ಮಿಲ್ಲಿಗೆ ಬಂದಿರುವ ಹೊಸ ಕೆಮಿಸ್ಟ್ ಮಾತೆತ್ತಿದರೆ ಇಂಗ್ಲಿಷು. ಉಪಯೋಗಕ್ಕೆ ಬರುತ್ತದೆ. ಅವಸರವಿಲ್ಲ. ಆದರೆ ಬರೆ.

ಅಮ್ಮನಿಗೆ ಹೇಳು, ಕೊಟ್ಟ ಕಂಬಳಿ ಸಾಕಾಗುತ್ತಿದೆ.

*

ಜನವರಿ 27

ಪ್ರೀತಿಯ, ನಗುವ ಇವರೇ,

‘ನಕ್ಕೆ’ ಅಂತ ಒಂದೇ ಪದ ಬರೆದು ಪೂರ್ಣವಿರಾಮ ಇಟ್ಟಿದ್ದೀರಲ್ಲ! ಆ ಒಂದು ಪದವನ್ನು ಎಷ್ಟು ಸಲ ಓದಿದೆನೆಂದರೆ ಕಾಗದ ಅಲ್ಲೇ ಮಡಿಕೆ ಬಿದ್ದು ಸವೆದಿದೆ. ಯಾವ ಥರ ನಕ್ಕಿರಿ? ಹಲ್ಲು ಕಾಣಿಸಿತಾ? ಪಕ್ಕದವರು ಏನಂತ ಕೇಳಿದರಾ?

ಎರಡು ಕೋಣೆ! ಅತ್ತೆಗೆ ಓದಿ ಹೇಳಿದೆ. “ಒಂದರಲ್ಲಿ ನೀನು ಮಾತಾಡು, ಇನ್ನೊಂದರಲ್ಲಿ ಅವನು ನಿದ್ದೆ ಮಾಡಲಿ” ಅಂದರು. ನೋಡಿ, ನನ್ನ ಜೊತೆ ಇದ್ದು ಇದ್ದು ಅವರಿಗೂ ಚಾಟಿ ಮಾತು ಬರತೊಡಗಿದೆ.

ಈಗ ಮೇಡಂ ಪಾಠ. ಕೈಕಟ್ಟಿ ಕೂತುಕೊಳ್ಳಿ.

‘ಒನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಚಂದ್ರ ನೀಲಿಯಾದಾಗೊಮ್ಮೆ, ಅಂದರೆ ತೀರಾ ಅಪರೂಪಕ್ಕೆ. ನಾವು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಅನ್ನುತ್ತೇವಲ್ಲ, ಅದೇ. ಆದರೆ ನಾವು ಧಾರಾಳಿಗಳು, ನಮ್ಮ ಅಪರೂಪ ತಿಂಗಳಿಗೆ ಎರಡು ಸಲ ಬರುತ್ತದೆ. ಉದಾಹರಣೆಗೆ, ನನ್ನ ಗಂಡ ನೀಲಿ ಚಂದ್ರನಿಗೊಮ್ಮೆ ಕಾಗದ ಬರೆಯುತ್ತಾರೆ.

‘ಔಟ್ ಆಫ್ ದಿ ಬ್ಲೂ’ ಅಂದರೆ ಆಕಾಶದಿಂದ ಉದುರಿದ ಹಾಗೆ, ಹೇಳದೆ ಕೇಳದೆ. ಉದಾಹರಣೆಗೆ, ಒಂದು ಮಧ್ಯಾಹ್ನ ನಾನು ಕಾಜಾ ಹಾಕುತ್ತಿರುವಾಗ ಯಾರೋ ಬಾಗಿಲು ತಟ್ಟುತ್ತಾರೆ... ಬೇಡ, ಈ ಉದಾಹರಣೆ ಇಲ್ಲಿಗೇ ಸಾಕು. ಬರೆಯುತ್ತ ಬರೆಯುತ್ತ ನಿಜವಾಗಿಯೂ ಬಾಗಿಲ ಕಡೆ ನೋಡಿಬಿಟ್ಟೆ.

‘ಟ್ರೂ ಬ್ಲೂ’ ಅಂದರೆ ಎಷ್ಟು ಒಗೆದರೂ ಬಣ್ಣ ಬಿಡದ ಮನುಷ್ಯ. ಇದಕ್ಕೆ ಉದಾಹರಣೆ ಬೇಕಿಲ್ಲ, ನೀವೇ. ‘ಬ್ಲೂ ಬ್ಲಡ್’ ಅಂದರೆ ಅರಸರ ರಕ್ತ. ಇದನ್ನು ಅತ್ತೆಗೆ ಹೇಳಿದರೆ, “ನಮ್ದೆಲ್ಲ ಕೆಂಪೇ ಕಣಮ್ಮ, ಸೂಜಿ ಚುಚ್ಚಿದಾಗೆಲ್ಲ ನೋಡಿದೀನಿ” ಅಂದರು. ಕೈಕೆಲಸ ಮಾಡುವವರನ್ನು ‘ಬ್ಲೂ ಕಾಲರ್’ ಅನ್ನುತ್ತಾರೆ. ನೀಲಿ ಅಂಗಿಯಲ್ಲಿ ಮಸಿ ಕಾಣಿಸುವುದಿಲ್ಲ ಅಂತ. ಮನೆ ಕಟ್ಟುವ ಮುಂಚೆ ಬರೆಯುವ ನಕ್ಷೆ ‘ಬ್ಲೂಪ್ರಿಂಟ್’. ನಮ್ಮ ಎರಡು ಕೋಣೆಯ ಬ್ಲೂಪ್ರಿಂಟನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ಕುರ್ಚಿಯಂತೆ ಕಾಣುವುದು ಒಲೆ. ಒಲೆಯಂತೆ ಕಾಣುವುದು ನಾನು.

ಸಿನಿಮಾಕ್ಕೆ ಸೇರಿದ ಇನ್ನೊಂದು ಬ್ಲೂ ಇದೆ. ಅದನ್ನು ನಾನು ಬರೆಯುವುದಿಲ್ಲ. ನಿಮ್ಮ ಕೋಣೆಯ ಮೂವರನ್ನು ಕೇಳಿ. ಇಂಗ್ಲಿಷ್ ಬಾರದವರಿಗೂ ಅದೊಂದು ಬಂದಿರುತ್ತದೆ!

ಮತ್ತೂ ಒಂದು ಅರ್ಥ ಇದೆ. ಅಷ್ಟು ಮುಖ್ಯವಲ್ಲ, ಬಿಟ್ಟಿದ್ದೇನೆ.

ಆದರೆ ಇವರೇ, ನೀಲಿಯೇ ಯಾಕೆ? ಕೆಂಪಿನಲ್ಲಿ ಇನ್ನೂ ಚೆಂದದ ಮಾತುಗಳಿವೆ. ಬೇಕಾ?

ನಿಮ್ಮ ಮೇಡಂ,
ಗಿಣಿ

*

ಫೆಬ್ರವರಿ 15

ಗಿಣಿಗೆ,

ತಡವಾಯಿತು. ಅಚ್ಚಿನ ವಿಭಾಗದಲ್ಲಿ ಜನ ಕಡಿಮೆ. ಮದುವೆಗೆ ಮುಂಚಿನಿಂದಲೂ ಮಧ್ಯಾಹ್ನದ ಮೇಲೆ ಅಲ್ಲಿ ಅಚ್ಚಿನ ಚೌಕಟ್ಟುಗಳನ್ನು ತೊಳೆಯುತ್ತಿದ್ದೇನೆ. ತೊಳೆಯುವ ದ್ರಾವಣದ ವಾಸನೆ ತಲೆಗೆ ಹತ್ತುತ್ತದೆ. ಸ್ವಲ್ಪ ತಲೆನೋವು, ಬೇರೇನಿಲ್ಲ.

ಕೆಂಪು ಬೇಡ. ನೀಲಿಯದೇ ಬರೆ.

ಮೊನ್ನೆ ಕೆಮಿಸ್ಟ್ ನನ್ನನ್ನು ನೋಡಿ ‘ಯು ಲುಕ್ ಬ್ಲೂ’ ಅಂದರು. ನಾನು ತೊಟ್ಟದ್ದು ಬಿಳಿ ಅಂಗಿ. ಸ್ವಲ್ಪ ಹೊತ್ತು ಅಂಗಿಯನ್ನೇ ನೋಡಿದೆ. ನಿನ್ನ ಪಟ್ಟಿಯಲ್ಲಿ ಇದು ಇರಲಿಲ್ಲ. ಏನದು?

ನಕ್ಷೆ ಗೋಡೆಗೆ ಅಂಟಿಸಿದ್ದೇನೆ.

*

ಫೆಬ್ರವರಿ 22

ಪ್ರೀತಿಯ ಇವರೇ,

ಗೋಡೆಗೆ ಅಂಟಿಸಿದ್ದೀರಾ! ಆ ಮೂವರೂ ನೋಡಿದರಾ? ಅಯ್ಯೋ, ಒಲೆಯಂತಿರುವ ನನ್ನನ್ನು!

‘ಯು ಲುಕ್ ಬ್ಲೂ’ ಅಂದರೆ ಏನೋ ದೊಡ್ಡ ಯೋಚನೆಯಲ್ಲಿರುವ ಹಾಗೆ ಕಾಣುತ್ತೀರಿ ಅಂತ. ಅಷ್ಟೇ. ಏಪ್ರಿಲ್ ಹತ್ತಿರ ಬಂತಲ್ಲ, ಅದಕ್ಕೆ ಹಾಗೆ ಕಂಡಿರಬೇಕು. ಊಟ ಸರಿಯಾಗಿ ಮಾಡುತ್ತೀರಾ? ಅತ್ತೆ ಕೇಳುತ್ತಿದ್ದಾರೆ. ನಾನೂ ಕೇಳುತ್ತಿದ್ದೇನೆ, ಆದರೆ ಅತ್ತೆ ಹೆಸರಿನಲ್ಲಿ.

ಇವತ್ತಿನ ಮಾತು ‘ಬ್ಲೂ ಇನ್ ದಿ ಫೇಸ್’. ಹೇಳಿ ಹೇಳಿ ಮುಖ ನೀಲಿಗಟ್ಟುವುದು. ನಮ್ಮಲ್ಲಿ ಗಂಟಲ ಪಸೆ ಆರುತ್ತದೆ, ಅವರಿಗೆ ಮುಖದ ಬಣ್ಣವೇ ಬದಲಾಗುತ್ತದೆ. ನ್ಯಾಯವಾಗಿ ನನ್ನ ಮುಖ ಇಷ್ಟು ಹೊತ್ತಿಗೆ ನೀಲಿಯಾಗಬೇಕಿತ್ತು. ಆದರೆ ಈ ಮನೆಯಲ್ಲಿ ಮಾತು ಕೇಳುವವರು ಕಡಿಮೆ ನೋಡಿ, ಹಾಗಾಗಿ ಮುಖ ಉಳಿದುಕೊಂಡಿದೆ.

ಭಾನುವಾರ ಅತ್ತೆ ಯಂತ್ರಕ್ಕೆ ಎಣ್ಣೆ ಹಾಕಿ, ಅದಕ್ಕೆ ಬಟ್ಟೆ ಹೊದಿಸಿ, ತಾವೂ ಹೊದ್ದು ಮಲಗುತ್ತಾರೆ. ಮನೆಯಲ್ಲಿ ಗಡಿಯಾರದ ಸದ್ದೊಂದೇ. ನಾನು ಮಹಡಿಗೆ ಹೋಗಿ ನಿಲ್ಲುತ್ತೇನೆ. ಎದುರಿನ ಮಹಡಿಗೆ ಒಬ್ಬ ಹೆಂಗಸು ಬಟ್ಟೆ ಒಣಗಿಸಲು ಬರುತ್ತಾರೆ. ನಾನು ಕೈ ಬೀಸುತ್ತೇನೆ. ಅವರು ಯಾರಿಗೋ ಇರಬೇಕೆಂದು ಹಿಂದೆ ತಿರುಗಿ ನೋಡುತ್ತಾರೆ. ನಾಲ್ಕು ಭಾನುವಾರದಿಂದ ಹೀಗೇ! ನಗು ಬರುತ್ತದೆ.

ಮದುವೆಯಾದ ನನ್ನ ಗೆಳತಿಯರೆಲ್ಲ ಗಂಡನ ಗೊರಕೆಯ ಬಗ್ಗೆ ದೂರು ಹೇಳುತ್ತಾರೆ. ನೀವು ಗೊರಕೆ ಹೊಡೆಯುತ್ತಿದ್ದಿರಾ? ನೆನಪಾಗುತ್ತಿಲ್ಲ. ಹನ್ನೊಂದೇ ರಾತ್ರಿ ಇದ್ದರೂ ಇದು ನೆನಪಿರಬೇಕಿತ್ತಲ್ಲ ಅಂತ ಬೆಳಗಿನಿಂದ ಯೋಚಿಸುತ್ತಿದ್ದೇನೆ. ಬರೆದು ತಿಳಿಸಿ.

ಗಿಣಿ

*

ಮಾರ್ಚ್ 5

ಗಿಣಿಗೆ,

ಇದರೊಂದಿಗೆ ಒಂದೂವರೆ ಮೀಟರ್ ಬಟ್ಟೆ ಇದೆ. ನಾನೇ ಕಲಸಿದ ನೀಲಿ. ಅಂಗಿ ಹೊಲಿಸಿಕೋ. ಹೊಲಿಸುವ ಮುಂಚೆ ನೋಡು. ದೀಪದ ಕೆಳಗೆ ಬೇಡ, ಹಗಲಿನಲ್ಲಿ, ಉತ್ತರದ ಕಿಟಕಿಯ ಹತ್ತಿರ ಹಿಡಿದು ನೋಡು. ಬಣ್ಣ ಹೇಗಿದೆ ಬರೆ. ನೋಡಿದ ಕೂಡಲೇ ಬರೆ. ಅದೇ ದಿನ ಅಂಚೆಗೆ ಹಾಕು.

ಗೊರಕೆ ಹೊಡೆಯುತ್ತೇನೆ ಎಂದು ಕೋಣೆಯವರು ಹೇಳುತ್ತಾರೆ.

*

ಮಾರ್ಚ್ 10

ಪ್ರೀತಿಯ, ತುಂಟ ಇವರೇ!

ಆಹಾ, ಎಂಥಾ ನೀಲಿ! ಏನು ನೀಲಿ! ನೀವು ಹೇಳಿದಂತೆ ಉತ್ತರದ ಕಿಟಕಿಯಲ್ಲಿ ಹಿಡಿದೆ. ಆಕಾಶ ನಾಚಿಕೊಂಡು ಮೋಡದ ಹಿಂದೆ ಹೋಯಿತು. ಇಂಥ ನೀಲಿಯನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನನ್ನ ಹೆಸರಿಗೆ ಹೇಳಿ ಮಾಡಿಸಿದ ನೀಲಿ. ಇದನ್ನು ತೊಟ್ಟು ಮರದಲ್ಲಿ ಕೂತರೆ ಬೇಟೆಗಾರನಿಗೂ ಕಾಣಿಸುವುದಿಲ್ಲ.

ಕಂಡಿರಾ, ನಾನೂ ಸೋಲುವವಳಲ್ಲ. ಇಷ್ಟು ಗಂಭೀರ ಮುಖದ ಮನುಷ್ಯನಲ್ಲಿ ಇಷ್ಟು ತುಂಟತನ ಎಲ್ಲಿ ಅಡಗಿತ್ತು? ‘ಹಗಲಿನಲ್ಲಿ ನೋಡು, ಅದೇ ದಿನ ಬರೆ’ ಅಂತ ಬೇರೆ! ಎರಡು ತಿಂಗಳಲ್ಲಿ ನೀವು ಬರೆದ ಅತ್ಯುತ್ತಮ ಕಾಗದ ಇದು. ಓದುತ್ತ ಓದುತ್ತ ನೀವು ಪಕ್ಕದಲ್ಲೇ ಕೂತು ತುಟಿ ಬಿಗಿಹಿಡಿದು ನಗು ತಡೆಯುತ್ತಿರುವ ಹಾಗೆ ಅನ್ನಿಸಿತು. ಆ ಮಧ್ಯಾಹ್ನವೆಲ್ಲ ಮನೆ ಖಾಲಿ ಅನ್ನಿಸಲೇ ಇಲ್ಲ.

ಅತ್ತೆ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ನೀಲಿ ಅಂತ ಬರೆದಿದ್ದಾನಾ?” ಅಂದರು. ನಾನು ಕಣ್ಣು ಮಿಟುಕಿಸಿದೆ. ಅವರು ನನ್ನನ್ನೂ ಬಟ್ಟೆಯನ್ನೂ ಒಂದು ಸಲ ನೋಡಿ ಯಂತ್ರದ ಕಡೆಗೆ ತಿರುಗಿಕೊಂಡರು. ನಮ್ಮಿಬ್ಬರ ಆಟ ಅವರಿಗೆ ಹೇಗೆ ಗೊತ್ತಾಗಬೇಕು ಹೇಳಿ.

ನೀವು ಹೇಳಿದಂತೆ ಇವತ್ತೇ ಅಂಚೆಗೆ ಹಾಕುತ್ತೇನೆ.

ನಿಮ್ಮ ನೀಲಿ ಗಿಣಿ

*

ಮಾರ್ಚ್ 15

ಗಿಣಿ,

ನಿನ್ನ ಕಾಗದ ಬಂತು. ನಿಂತಲ್ಲೇ ಓದಿದೆ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ನಿನಗೆ ಗೊತ್ತಿಲ್ಲ, ನೀನು ಎಂಥ ಉಪಕಾರ ಮಾಡಿದೆ. ಕೆಲವು ದಿನದಿಂದ ಮನಸ್ಸು ಸರಿಯಿರಲಿಲ್ಲ. ಈಗ ಸರಿಹೋಯಿತು. ಒಂದು ಕಾರ್ಖಾನೆಯ ಕೆಲಸಗಾರರ ಅಂಗಿಗೆ ನೀಲಿ ಬಟ್ಟೆ ಬೇಕೆಂದು ದೊಡ್ಡ ಲಾಟಿನ ಆರ್ಡರು ಬಂದಿದೆ. ನಿನ್ನ ಬ್ಲೂ ಕಾಲರೇ. ನಿನಗೆ ಕಳಿಸಿದ್ದು ಅದೇ ಬಣ್ಣ. ದೊಡ್ಡ ಮೇಸ್ತ್ರಿ ರಜೆಯಲ್ಲಿದ್ದಾರೆ, ಸಹಿ ನನ್ನದು. ನಾಳೆ ಹಾಕುತ್ತೇನೆ. ಇದು ಚೆನ್ನಾಗಿ ಆದರೆ ಏಪ್ರಿಲ್ ನಮ್ಮದೇ.

ಎರಡು ಕೋಣೆಯ ಮನೆಯನ್ನು ಹೊರಗಿನಿಂದ ನೋಡಿಬಂದೆ. ಅಂಗಳದಲ್ಲಿ ತಂತಿ ಕಟ್ಟಲು ಜಾಗವಿದೆ.

*

ಮಾರ್ಚ್ 28

ಪ್ರೀತಿಯ ಇವರೇ,

ಎಂಥ ಉಪಕಾರ? ಏನು ಮನಸ್ಸು ಸರಿಯಿರಲಿಲ್ಲ? ನನಗೆ ಹೇಳಲಿಲ್ಲವಲ್ಲ! ಒಗಟಿನಂತೆ ಬರೆದು ಸುಮ್ಮನಾಗಿಬಿಟ್ಟಿದ್ದೀರಿ. ಹದಿಮೂರು ದಿನವಾಯಿತು. ಸಹಿ ಹಾಕಿದಿರಾ? ಲಾಟು ಹೋಯಿತಾ?

‘ಅದೇ ಬಣ್ಣ’ ಅಂದದ್ದೂ ಆಟದ ಮುಂದಿನ ಭಾಗವೇ ಇರಬೇಕು. ಇಲ್ಲದಿದ್ದರೆ ಕಾರ್ಖಾನೆಯ ತುಂಬ ಗಿಣಿಗಳು ಕೆಲಸ ಮಾಡಬೇಕಾಗುತ್ತದೆ!

ನಾನೂ ಆಟ ಮುಂದುವರಿಸಿದ್ದೇನೆ. ನಿಮ್ಮ ಬಟ್ಟೆಯನ್ನು ಮಹಡಿಯ ತಂತಿಯ ಮೇಲೆ ಗಾಳಿಗೆ ಹರವಿದ್ದೇನೆ. ತೊಟ್ಟಿಯಿಂದ ಎದ್ದದ್ದು ಗಾಳಿ ತಗುಲಿದರೆ ಬದಲಾಗುತ್ತದೆ ಅಂದಿದ್ದಿರಲ್ಲ. ಬೆಳಗ್ಗೆ ಹಾಕುತ್ತೇನೆ, ಸಂಜೆ ತೆಗೆಯುತ್ತೇನೆ. ಒಂದು ವಾರವಾಯಿತು. ಸುಮ್ಮನೆ ತಮಾಷೆಗೆ. ಆದರೂ ತೆಗೆಯುವಾಗ ಪ್ರತಿದಿನ ಒಂದು ಸಲ ನೋಡುತ್ತೇನೆ.

ಅಂಚೆಯವರು ಈಗ ನಮ್ಮ ಬಾಗಿಲು ದಾಟುವಾಗ ನನ್ನ ಕಡೆ ನೋಡುವುದಿಲ್ಲ. ಪಾಪ, ಅವರಿಗೂ ಮುಜುಗರ.

ನಾಲ್ಕು ಸಾಲು ಬರೆಯಿರಿ. ಎರಡು ಸಾಕು.

ಗಿಣಿ

*

ಏಪ್ರಿಲ್ 9

ಇವರೇ,

ಇವತ್ತು ಅತ್ತೆಯ ಹತ್ತಿರ ಎಲ್ಲ ಹೇಳಿದೆ. ನೀವು ತಮಾಷೆಗೆ ಹಸಿರು ಬಟ್ಟೆ ಕಳಿಸಿ ನೀಲಿ ಅಂತ ಬರೆದದ್ದು, ಗಿಣಿಗೆ ಗಿಣಿ ಬಣ್ಣ ಕಳಿಸಿ ರೇಗಿಸುತ್ತಿದ್ದಾರೆ ಅಂತ ನಾನೂ ಆಹಾ ನೀಲಿ ಅಂತ ಉತ್ತರ ಕೊಟ್ಟದ್ದು, ಎಲ್ಲ. ಅತ್ತೆ ಯಂತ್ರ ನಿಲ್ಲಿಸಿದರು. ನಾನು ಬಂದ ಮೇಲೆ ಅವರು ಮಾತಿಗಾಗಿ ಯಂತ್ರ ನಿಲ್ಲಿಸಿದ್ದು ಇದೇ ಮೊದಲು.

“ಅವನು ತಮಾಷೆ ಮಾಡೋ ಮಗ ಅಲ್ಲ ಕಣೇ,” ಅಂದರು. “ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿಲ್ಲ, ಒಂದು ಜೋಕು ಹೇಳಿಲ್ಲ. ಬಣ್ಣದ ವಿಷಯದಲ್ಲಂತೂ ದೇವರಾಣೆಗೂ ಇಲ್ಲ.”

“ಮತ್ತೆ ನೀವ್ಯಾಕೆ ಅವತ್ತೇ ಹೇಳಲಿಲ್ಲ ಅತ್ತೆ?”

“ನೀನು ಕಣ್ಣು ಮಿಟುಕಿಸಿದೆಯಲ್ಲ. ಗಂಡ ಹೆಂಡತಿ ನಡುವೆ ಏನೋ ಇರಬೇಕು ಅಂದ್ಕೊಂಡೆ.”

ಆಮೇಲೆ ನಾನು ಮಹಡಿಗೆ ಹೋಗಿ ತಂತಿಯಿಂದ ಬಟ್ಟೆ ತೆಗೆದು ತಂದೆ.

ಇವರೇ, ಈಗ ನೆಟ್ಟಗೆ ಬರೆಯುತ್ತೇನೆ. ಆ ಬಟ್ಟೆ ಹಸಿರು. ಎಲೆಯ ಹಾಗೆ ಹಸಿರು. ಹತ್ತಿರ ಮೂರು ವಾರ ಗಾಳಿಗೆ ಹಾಕಿದರೂ ಹಸಿರೇ. ನಿಮಗೆ ಅದು ನೀಲಿ ಕಂಡಿತಾ? ನಿಜವಾಗಿ?

ಇನ್ನೊಂದು ವಿಷಯದಲ್ಲೂ ನಿಮಗೆ ಸರಿಯಾಗಿ ಹೇಳಿಲ್ಲ. ‘ಯು ಲುಕ್ ಬ್ಲೂ’ ಅಂದರೆ ಯೋಚನೆ ಅಲ್ಲ. ಮನಸ್ಸು ಕುಗ್ಗಿರುವುದು. ಯಾರೂ ಇಲ್ಲದ ಹಾಗೆ ಅನ್ನಿಸುವುದು. ಇಂಗ್ಲಿಷಿನವರು ಬ್ಲೂ ಅನ್ನುವ ಮಾತನ್ನು ಬಹಳ ಸಲ ಅದಕ್ಕೇ ಬಳಸುತ್ತಾರೆ. ಪಟ್ಟಿ ಬರೆಯುವಾಗ ನನಗೆ ಮೊದಲು ನೆನಪಾದದ್ದೂ ಅದೇ. ಬರೆದರೆ ‘ನಿನಗೆ ಹೀಗಾಗುತ್ತಿದೆಯಾ’ ಅಂತ ನೀವು ಕೇಳುತ್ತೀರಿ, ನಾನು ಹೌದು ಅನ್ನಬೇಕಾಗುತ್ತದೆ ಅಂತ ಬಿಟ್ಟೆ. ಕೆಮಿಸ್ಟ್ ಅದನ್ನು ನಿಮ್ಮ ಮುಖದಲ್ಲಿ ಕಂಡರು. ನೀವು ನನ್ನನ್ನೇ ಕೇಳಿದಿರಿ. ಆಗಲೂ ನಾನು ಕೇಳಲಿಲ್ಲ, ಯಾಕೆ ಅಂತ.

ಈಗ ಕೇಳುತ್ತಿದ್ದೇನೆ.

ಗಿಣಿ

*

ಏಪ್ರಿಲ್ 20

ಗಿಣಿ,

ನಿನ್ನ ಕಾಗದವನ್ನು ಐದು ದಿನ ಇಟ್ಟುಕೊಂಡಿದ್ದೆ. ನನಗೆ ಉದ್ದ ಬರೆದು ಗೊತ್ತಿಲ್ಲ. ಪ್ರಯತ್ನಿಸುತ್ತೇನೆ.

ಮದುವೆಗೆ ಎರಡು ತಿಂಗಳ ಮುಂಚೆ ಶುರುವಾಯಿತು. ಮೊದಲು ಕಡು ನೀಲಿಗೂ ಕಪ್ಪಿಗೂ ವ್ಯತ್ಯಾಸ ಕಷ್ಟವಾಯಿತು. ದಣಿವು ಅಂದುಕೊಂಡೆ. ಆಮೇಲೆ ತಿಳಿ ನೀಲಿಗಳು ಒಂದೊಂದೇ ಹೋದವು. ನಿಮ್ಮ ಮನೆಯ ಪರದೆ ನೋಡಿದಾಗ ನನಗೆ ಮೂವತ್ತು ನೀಲಿ ಗೊತ್ತಿತ್ತು. ಜನವರಿಯಲ್ಲಿ ಆರೋ ಏಳೋ ಉಳಿದಿತ್ತು. ಯಾರಿಗೂ ಹೇಳಲಿಲ್ಲ. ಬಣ್ಣದವನಿಗೆ ಬಣ್ಣ ಕಾಣುವುದಿಲ್ಲ ಎಂದರೆ ಏನು ಉಳಿಯಿತು? ಎರಡು ಕೋಣೆ ಎಲ್ಲಿಂದ ಬರಬೇಕು?

ಕೆಮಿಸ್ಟಿಗಾಗಿ ಬ್ಲೂ ಕೇಳಲಿಲ್ಲ. ನೀಲಿ ನನ್ನನ್ನು ಬಿಟ್ಟು ಹೋಗುತ್ತಿತ್ತು. ಅದರ ವಿಷಯ ಯಾರಾದರೂ ಮಾತಾಡುತ್ತಲೇ ಇರಲಿ ಅನ್ನಿಸಿತು. ನೀನು ಚೆನ್ನಾಗಿ ಮಾತಾಡುತ್ತೀ.

ಆ ಬಟ್ಟೆಯ ಬಣ್ಣ ಕಲಸುವಾಗ ಸ್ವಲ್ಪ ಕೆಂಪು ಛಾಯೆ ಇದೆ ಅನ್ನಿಸಿತು. ಅದನ್ನು ಮುರಿಯಲು ಹಳದಿ ಹಾಕಬೇಕು. ಹಾಕಿದೆ. ಹಾಕಿದ್ದು ಕಾಣಲಿಲ್ಲ. ಮತ್ತೆ ಹಾಕಿದೆ. ಎಷ್ಟು ಹಾಕಿದರೂ ನನಗೆ ಹಳದಿ ಕಾಣುತ್ತಿರಲಿಲ್ಲ, ಗಿಣಿ. ಕೊನೆಗೆ ಸರಿ ಅನ್ನಿಸಿತು. ಆದರೆ ಧೈರ್ಯ ಬರಲಿಲ್ಲ. ಇಲ್ಲಿ ಯಾರನ್ನು ಕೇಳಿದರೂ ಗುಟ್ಟು ರಟ್ಟಾಗುತ್ತಿತ್ತು. ಜಗತ್ತಿನಲ್ಲಿ ಕೇಳಬಹುದಾದವಳು ನೀನೊಬ್ಬಳೇ. ನೆಟ್ಟಗೆ ಕೇಳಲಿಲ್ಲ, ಬಟ್ಟೆ ಕಳಿಸಿದೆ. ನೀನು ನೀಲಿ ಎಂದೆ. ನಾನು ನಂಬಲು ಕಾದಿದ್ದೆ, ನಂಬಿದೆ. ಬೇಟೆಗಾರ, ಮರ ಎಂದೆಲ್ಲ ಬರೆದಿದ್ದೆ. ಅದು ನಿನ್ನ ಮಾತಿನ ರೀತಿ ಅಂದುಕೊಂಡೆ.

ತೊಟ್ಟಿಯಿಂದ ಲಾಟು ಹಸಿರಾಗಿ ಎದ್ದಿತು. ತೊಟ್ಟಿಯವರು ಗಾಬರಿಯಾಗಲಿಲ್ಲ. ಎದ್ದಾಗ ಹಸಿರೇ ಇರುತ್ತದಲ್ಲ. ಗಾಳಿಗೆ ಹಾಕಿ ಕಾದರು. ಎರಡು ಸಾವಿರ ಮೀಟರ್ ತೂಗು ಹಾಕಿ ಸಂಜೆಯವರೆಗೆ ಕಾದರು. ಒಬ್ಬ, “ಇವತ್ತು ಗಾಳಿ ಕಮ್ಮಿ” ಅಂದನಂತೆ. ಬೆಳಗ್ಗೆ ಬಂದಾಗಲೂ ಹಸಿರು. ಕೆಮಿಸ್ಟ್ ನನ್ನನ್ನು ಅದರ ಕೆಳಗೆ ನಿಲ್ಲಿಸಿ, “ಇದು ನೀಲಿ ಅಂತ ಯಾರು ಹೇಳಿದರು?” ಎಂದು ಕೇಳಿದರು. ನಿನ್ನ ಕಾಗದ ಜೇಬಿನಲ್ಲಿತ್ತು. ನಾನೇ, ಎಂದೆ.

ಕಣ್ಣಿನ ಡಾಕ್ಟರು ನೋಡಿದರು. ನೀಲಿಗೂ ಹಸಿರಿಗೂ ನಡುವಿನ ಬೇಲಿ ಬಿದ್ದುಹೋಗಿದೆ ಎಂದರು. ಚೌಕಟ್ಟು ತೊಳೆಯುವ ದ್ರಾವಣದ ಹೊಗೆಯಿಂದ ಹೀಗಾಗುವುದುಂಟಂತೆ. ದೂರವಿದ್ದರೆ ಕೆಲವು ತಿಂಗಳಲ್ಲಿ ಮರಳಬಹುದು, ಮರಳದೆಯೂ ಇರಬಹುದು. ನನ್ನನ್ನು ಬಟ್ಟೆ ಮಡಿಸುವ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಅಂಚು ಕಂಡರೆ ಸಾಕು. ಎರಡು ಕೋಣೆ ಬೇರೆಯವರಿಗೆ ಹೋಯಿತು. ಮಡಿಸುವವರಿಗೆ ಸಾಲಿನ ಕೊನೆಯಲ್ಲಿ ಒಂದು ಕೋಣೆ ಕೊಡುತ್ತಾರೆ. ನಲ್ಲಿ ಹೊರಗೆ. ಕಿಟಕಿ ದಕ್ಷಿಣಕ್ಕೆ. ಬರಬೇಡ ಎನ್ನಲು ಮನಸ್ಸಿಲ್ಲ. ಬಾ ಎನ್ನಲು ಮುಖವಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ನೀನು ಬಿಟ್ಟಿದ್ದ ಅರ್ಥ ಓದಿದ ಮೇಲೆ ಅನ್ನಿಸಿತು, ಇಷ್ಟು ಕಾಗದ ಬರೆದರೂ ಇಬ್ಬರೂ ಹೇಳಬೇಕಾದ ಒಂದನ್ನೇ ಬಿಟ್ಟು ಬರೆದೆವು.

ಇದರಲ್ಲಿ ಎರಡು ಎಳೆ ಇಟ್ಟಿದ್ದೇನೆ. ಗಂಟು ಹಾಕಿದ್ದು ಕೆಟ್ಟ ಲಾಟಿನದು. ಇನ್ನೊಂದು ಕೆಲಸಗಾರನ ಹಳೆಯ ಅಂಗಿಯದು. ನನಗೆ ಎರಡೂ ಒಂದೇ. ಉತ್ತರ ಗೊತ್ತಿದೆ. ಆದರೆ ನೀನು ಹೇಳುವುದನ್ನು ಕೇಳಬೇಕು. ಸಿಂಗಾರ ಬೇಡ.

*

ಏಪ್ರಿಲ್ 25

ಇವರೇ,

ಉತ್ತರದ ಕಿಟಕಿಯಲ್ಲಿ ಹಿಡಿದು ನೋಡಿದೆ. ಎರಡೂ ಬೇರೆ. ಗಂಟಿರುವುದು ಹಸಿರು. ಗಂಟಿಲ್ಲದ್ದು ನೀಲಿ. ಮಾಸಿದ ನೀಲಿ, ಒಂದು ತುದಿಯಲ್ಲಿ ಬಿಳಿಚಿಕೊಂಡಿದೆ.

ಗುರುವಾರ ಹೊರಡುತ್ತೇನೆ. ಅತ್ತೆಗೆ ಹೇಳಿದ್ದೇನೆ. “ಹೋಗು. ಯಂತ್ರದ ಜೊತೆ ನಾನು ಮಾತಾಡ್ಕೋತೀನಿ. ನನಗೂ ಆಗಾಗ ಬರಿ, ಓದಕ್ಕೆ ಹಾಲಿನವನಿದ್ದಾನೆ” ಅಂದರು. ಸೂಜಿಯ ಡಬ್ಬಿ ಕೊಟ್ಟಿದ್ದಾರೆ. ಒಳಗೆ ತಿರುಗಿಕೊಂಡು ಮೂಗು ಒರೆಸಿಕೊಂಡರು. ದಕ್ಷಿಣದ ಕಿಟಕಿಯಾದರೂ ಕಾಜಾ ಹಾಕಲು ಬೆಳಕು ಸಾಕು.

ಎದುರಿನ ಮಹಡಿಯ ಹೆಂಗಸು ನಿನ್ನೆ ಹಿಂದೆ ತಿರುಗಿ ನೋಡದೆ ಕೈ ಬೀಸಿದರು. ಬಟ್ಟೆ ಎಲ್ಲಿ ಅಂತ ಸನ್ನೆಯಲ್ಲಿ ಕೇಳಿದರು. ತಂತಿ ಖಾಲಿ ಇದ್ದದ್ದು ಕಂಡಿರಬೇಕು.

ನೀವು ಕಳಿಸಿದ ಆ ಹಸಿರು ಬಟ್ಟೆಯನ್ನು ಅತ್ತೆ ಅಂಗಿಯಾಗಿ ಹೊಲಿದುಕೊಟ್ಟರು. ಗುಂಡಿತೂತುಗಳು ನನ್ನವು. ರೈಲು ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬರುತ್ತದೆ. ನಾನು ಆ ಅಂಗಿಯನ್ನೇ ತೊಟ್ಟು ಇಳಿಯುತ್ತೇನೆ. ನಿಮ್ಮ ಕಣ್ಣಿಗೆ ನೀಲಿ ಕಾಣುವವಳ ಹತ್ತಿರ ಬನ್ನಿ. ಹತ್ತಿರ ಬಂದ ಮೇಲೆ ಅದು ಯಾವ ಬಣ್ಣ ಅಂತ ನಾನು ಹೇಳುತ್ತೇನೆ.

ಗಿಣಿ